ಕಾಗದದ ಕೋಟೆಯ ಮುಂದೆ

ಅಕಾಲದಲ್ಲಿ ಸತ್ತವರನ್ನು ನರಕದ ಕೋಟೆಯಲ್ಲಿ ಕೂಡಿಹಾಕುತ್ತಾರೆ. ಬಿದಿರು, ಬಣ್ಣದ ಕಾಗದದಲ್ಲಿ ಆ ಕೋಟೆ ಕಟ್ಟಿ, ಕತ್ತಿಯಿಂದ ಒಡೆದು ಜೀವವನ್ನು ಹೊರಗೆ ಕರೆಯುವವನು ದಾವ್ ಪಂಥದ ಪುರೋಹಿತ. ತೈನಾನಿನ ಕಡಲ ಕಡೆ ಗೌ ಬುನ್‌ತಾಯ್ ಅಣ್ಣನಷ್ಟು ಕೋಟೆ ಒಡೆದವರು ಇನ್ನೊಬ್ಬರಿಲ್ಲ. ವಾರವಿಡೀ ವಿಶ್ವವಿದ್ಯಾಲಯದಲ್ಲಿ ಪಾಠ, ರಜೆಯಲ್ಲಿ ಸತ್ತವರ ಬಿಡುಗಡೆ. ಅವನ ಮೇಳದಲ್ಲಿ ಡೋಲು ಬಾರಿಸುವ ನಾನು, “ಎರಡು ದೋಣಿ ಮೇಲೆ ಕಾಲಿಟ್ಟಿದ್ದೀಯ, ಹುಷಾರು” ಎಂದು ರೇಗಿಸುತ್ತಿದ್ದೆ.

ಕೋಟೆ ಒಡೆದ ಮೇಲೆ ಜೀವ ಬಂತೇ ಎಂದು ಎರಡು ನಾಣ್ಯ ಎಸೆದು ಕೇಳಬೇಕು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೌದು. ಎರಡೂ ಒಂದೇ ಥರ ಬಿದ್ದರೆ ಇಲ್ಲ. ಇಲ್ಲವೆಂದರೆ ಅಣ್ಣ ಪ್ರಶ್ನೆ ಬದಲಿಸುತ್ತಿದ್ದ. ಮಗುವಿನ ಚಿಂತೆಯಾ? ಅತ್ತೆಯ ಮೇಲೆ ಮುನಿಸಾ? ಎಲ್ಲೋ ಒಂದು ಕಡೆ ಹೌದು ಬೀಳುತ್ತದೆ, ಮನೆಯವರು ಅತ್ತು ಹಗುರಾಗುತ್ತಾರೆ. ಈ ಉಪಾಯವನ್ನು ಅವನು ಈ ವಿಧಿಗಳ ಬಗ್ಗೆ ಬರೆದ ತನ್ನ ಪುಸ್ತಕದಲ್ಲೂ ಹಾಕಿಬಿಟ್ಟ.

ಆ ಪುಸ್ತಕ ಟೈಪ್ ಮಾಡಿದವಳು ಅವನ ಒಬ್ಬಳೇ ಮಗಳು ಸಿಯೊಕ್‌ಹೂನ್. “ಅಪ್ಪಾ, ನಾನು ಸತ್ರೆ ನಿನ್ನ ಈ ಆಟ ನನ್ನ ಹತ್ರ ನಡೆಯಲ್ಲ, ನೋಡ್ಕೋ,” ಎಂದು ನಕ್ಕಿದ್ದಳು.

“ಬಿಡ್ತು ಅನ್ನು, ಹುಚ್ಚು ಹುಡುಗಿ!”

ಅವಳು ಬಿಡ್ತು ಅನ್ನಲಿಲ್ಲ. ಮುಂದಿನ ಚಳಿಗಾಲದಲ್ಲಿ ಉಪ್ಪಿನ ಗದ್ದೆಯ ರಸ್ತೆಯಲ್ಲಿ ಜಲ್ಲಿ ಲಾರಿಯೊಂದು ಅವಳ ಸ್ಕೂಟರ್ ಮೇಲೆ ಹರಿಯಿತು.

ಹೆತ್ತವರು ಮಕ್ಕಳ ಕರ್ಮ ಮಾಡುವಂತಿಲ್ಲ. ಬೇರೆ ಮೇಳ ಕರೆಸೋಣ ಎಂದೆ. ಅತ್ತಿಗೆ ಲಿಯೆನ್ ಗಂಡನ ಕಡೆ ತಿರುಗಿದಳು. “ಊರವರ ಮಕ್ಕಳನ್ನೆಲ್ಲ ಬಿಡಿಸಿದ್ರಿ. ನಮ್ಮೋಳನ್ನ ಕಂಡೋರ ಕೈಗೆ ಕೊಡ್ತೀರಾ?” ಅಣ್ಣ ಪುರೋಹಿತನ ನಿಲುವಂಗಿ ತೊಟ್ಟ.

ಮಧ್ಯಾಹ್ನ ಕೋಟೆ ಒಡೆದ. ಅತ್ತಿಗೆ ಅದರ ಬಿದಿರು ಹಿಡಿದು ಅಲ್ಲಾಡಿಸುತ್ತ “ಬಾ ಮಗಳೇ, ಹೊರಗ್ ಬಾ” ಎಂದು ಕೂಗುತ್ತಿದ್ದಳು. ನಾಣ್ಯ ಬಿತ್ತು. ಇಲ್ಲ.

“ಲಾರಿಯವನ ಮೇಲೆ ಕೋಪವಾ?” ಇಲ್ಲ.

“ನನ್ನ ಮೇಲಾ?” ಇಲ್ಲ.

“ಅಮ್ಮ ಹಾಲುಮೀನಿನ ಗಂಜಿ ಮಾಡಿಟ್ಟಿದ್ದಾಳೆ, ಬರ್ತೀಯಾ?” ಅದಕ್ಕೂ ಇಲ್ಲ.

ನೆಂಟರು ಪಿಸುಗುಟ್ಟತೊಡಗಿದರು. “ಗುಟ್ಟನ್ನೆಲ್ಲ ಪುಸ್ತಕದಲ್ಲಿ ಬರೆದ್ನಲ್ಲ, ಅನುಭವಿಸಲಿ,” ಎಂದಳು ಹುಡುಗಿಯ ಸೋದರತ್ತೆ. ಅವಳ ಬಾಯಿಗೆ ಮಣ್ಣು ಹಾಕ! ಆ ಮಾತು ಅಣ್ಣನ ಕಿವಿಗೆ ಬೀಳದಿರಲೆಂದು ಡೋಲನ್ನು ಜೋರಾಗಿ ಬಡಿದೆ. ಎಸೆದಷ್ಟೂ ಇಲ್ಲ, ಕೇಳಿದಷ್ಟೂ ಇಲ್ಲ.

“ಇನ್ನೊಂದ್ಸಲ ಕೇಳ್ರೀ,” ಎಂದಳು ಅತ್ತಿಗೆ. ಅವಳ ದನಿ ಬಿದ್ದುಹೋಗಿತ್ತು.

ಅಣ್ಣ ಕಣ್ಣು ಮುಚ್ಚಿದ. ತುಟಿ ಮಾತ್ರ ಅಲ್ಲಾಡಿತು. ನಾಣ್ಯ ಎಸೆದ. ಒಂದು ಅಂಗಾತ, ಒಂದು ಬೋರಲು.

“ಬಂದ್ಲು! ನನ್ ಮಗಳು ಬಂದ್ಲು!” ಅತ್ತಿಗೆ ನೆಲಕ್ಕೆ ಕುಸಿದು ಅತ್ತಳು. ಬಾಯಿಗೆ ಬಂದಂತೆ ಆಡಿದ್ದ ಸೋದರತ್ತೆಯೂ ಅತ್ತಳು. ಅಣ್ಣ ತಲೆಯಾಡಿಸಿ ಕೋಟೆಗೆ ಬೆಂಕಿ ಇಟ್ಟ.

ಚಪ್ಪರದ ಹಿಂದಿನ ನಲ್ಲಿಯಲ್ಲಿ ಅವನು ಮುಖ ತೊಳೆಯುತ್ತಿದ್ದಾಗ ಹತ್ತಿರ ಹೋದೆ. ನನಗೂ ಎದೆಯ ಭಾರ ಇಳಿದಿತ್ತು.

“ಅಂತೂ ಒಪ್ಪಿದ್ಲಲ್ಲ ಅಣ್ಣ. ಕೊನೆಗೆ ಏನ್ ಕೇಳ್ದೆ?”

ಅವನು ನಲ್ಲಿ ನಿಲ್ಲಿಸಲಿಲ್ಲ.

“‘ನೀನಿನ್ನು ಬರೋದೇ ಇಲ್ಲ, ಅಲ್ವಾ ಮಗಳೇ’ ಅಂತ ಕೇಳ್ದೆ.”

ಒಳಗಿನಿಂದ ಅತ್ತಿಗೆ ಕೂಗಿದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಗೆಲುವಿತ್ತು.

“ಬನ್ರೀ, ಗಂಜಿ ಆರ್ತಿದೆ. ಅವಳಿಗೂ ಬಡಿಸಿದ್ದೀನಿ!”

ಅಣ್ಣ ಮುಖ ಒರೆಸಿಕೊಂಡು ಊಟಕ್ಕೆ ಹೋದ.