ಹನ್ನೆರಡನೆಯ ಹೆಸರು

ಕ್ರೂ ಟೌನ್ ಅಂದರೆ ಕ್ರೂ ಕುಲದ ಕರಿಯ ನಾವಿಕರಾದ ನಮ್ಮ ಬಂದರು ಕೇರಿ. ಇಲ್ಲಿನ ಗಂಡಸು ಹಡಗು ಹತ್ತಿ ಹೋಗಿ ತಿರುಗಿ ಬರದಿದ್ದರೆ ಅದಕ್ಕೆ ನಮ್ಮ ಕೇರಿಯಲ್ಲಿ ಎರಡೇ ಅರ್ಥ. ಒಂದು, ಮುಳುಗಿ ಸತ್ತ. ಇನ್ನೊಂದು, ಲಿವರ್‌ಪೂಲಿನಲ್ಲಿ ಯಾವಳೋ ಬಿಳಿಯಳ ಅಡುಗೆಮನೆ ಸೇರಿಕೊಂಡ. ಮುಳುಗಿದವನ ಹೆಂಡತಿ ನಲ್ಲಿಯ ಹತ್ತಿರ ಬಂದರೆ ಜನ ಸರಿದು ದಾರಿ ಬಿಡುತ್ತಾರೆ. ಇನ್ನೊಬ್ಬನ ಹೆಂಡತಿ ಬಂದರೆ ಬೆನ್ನ ಹಿಂದೆ ನಗುತ್ತಾರೆ. ಸೆತ್ರಾ ಕ್ರೂ ಊರಿನಿಂದ ಮದುವೆಯಾಗಿ ಬಂದ ತೆತಾಳ ಪಾಲಿಗೆ ಬಂದದ್ದು ಈ ನಗು. ನಲವತ್ತೆರಡು ವರ್ಷ ಅದನ್ನು ಕೇಳಿಯೂ ಕೇಳದವಳ ಹಾಗೆ ಅವಳು ನೀರು ಹೊತ್ತುಕೊಂಡು ಬಂದಳು.

ಅವಳ ಒಬ್ಬಳೇ ಮಗಳು ಜುವಾ. ಕೇರಿಯ ಹೆರಿಗೆ ಆಸ್ಪತ್ರೆಯಲ್ಲಿ ದಾದಿ. ಅಪ್ಪ ವೆಸೆ ನಿಮ್ಲಿ ೧೯೪೨ರ ಆಗಸ್ಟಿನಲ್ಲಿ ಮನೆ ಬಿಟ್ಟಾಗ ಇವಳು ಹೊಟ್ಟೆಯಲ್ಲಿದ್ದಳು. ಅಪ್ಪನ ಮುಖ ನೋಡಿದವಳಲ್ಲ, ಒಂದು ಫೋಟೋ ಕೂಡ ಇಲ್ಲ. ಹಾಗಿದ್ದರೂ ಈ ವರ್ಷ ನಾವಿಕರ ಸಂಘದವರು ಯುದ್ಧದಲ್ಲಿ ಮುಳುಗಿದ ಕ್ರೂ ಜನರ ಹೆಸರು ಕೆತ್ತಿಸಿ ಸಭಾಭವನದ ಗೋಡೆಗೆ ಕಲ್ಲು ಕೂರಿಸುತ್ತಾರೆಂದು ಕೇಳಿದ್ದೇ ತಡ, ಜುವಾ ಡ್ಯೂಟಿ ಬಟ್ಟೆಯಲ್ಲೇ ಸಭೆಗೆ ನುಗ್ಗಿದಳು.

"ನಿಮ್ಲಿ ಹೆಸರು ಹಡಗು ಕಂಪನಿ ಪಟ್ಟಿಯಲ್ಲಿಲ್ಲ ನರ್ಸಮ್ಮ" ಅಂದ ಅಧ್ಯಕ್ಷ ಟಾರ್ಪೆ. ಸುಂಕದ ಕಚೇರಿಯ ನೌಕರ, ಚರ್ಚಿನ ಹಿರಿಯ, ಇಸ್ತ್ರಿ ಕೆಡದ ಮನುಷ್ಯ. "ಆ ಆಗಸ್ಟಿನಲ್ಲಿ ಅವನು ಯಾವ ಹಡಗೂ ಹತ್ತಿಲ್ಲ ಅಂತ ಕಂಪನೀನೇ ಆಗ ಬರೆದುಕೊಟ್ಟಿತ್ತು."

"ಹತ್ತಿಲ್ಲ ಅಂದ್ರೆ ಗಾಳಿಯಲ್ಲಿ ಕರಗಿಹೋದ್ನಾ?"

"ಲಿವರ್‌ಪೂಲಿಗೊಂದು ಕಾಗದ ಹಾಕವ್ವ, ಮೊಮ್ಮಕ್ಕಳ ಸಮೇತ ಸಿಕ್ತಾನೆ" ಅಂತ ಹಿಂದಿನಿಂದ ಯಾರೋ ಅಂದರು. ಸಭೆಗೆ ಸಭೆಯೇ ನಕ್ಕಿತು.

ಜುವಾ ನಗು ಮುಗಿಯುವವರೆಗೆ ಕಾದಳು. "ನಿಮ್ಮ ಮಕ್ಕಳನ್ನೆಲ್ಲ ಕಾಲು ಹಿಡಿದು ಈಚೆಗೆ ಎಳೆದೋಳು ನಾನು. ಬರಲ್ಲ ಅಂತ ಹಠ ಮಾಡಿದವನ್ನೂ ಎಳೆದಿದೀನಿ. ಅಪ್ಪನ್ನೂ ಎಳೀತೀನಿ. ಕಲ್ಲಿನಲ್ಲಿ ಒಂದು ಸಾಲು ಖಾಲಿ ಬಿಡಿ."

ಟಾರ್ಪೆ ಕೆಟ್ಟವನಲ್ಲ, ಆದರೆ ಕಾಗದದ ಮನುಷ್ಯ. "ಒಂದನೇ ತಾರೀಕು ಕಲ್ಲುಕುಟಿಗ ಉಳಿ ಹಿಡೀತಾನೆ. ಹದಿನಾರು ದಿನ ಇದೆ. ಕಾಗದ ತಗೊಂಡು ಬಾ, ಹೆಸರು ಹಾಕಿಸ್ತೀನಿ. ಕಾಗದ ಇಲ್ಲ ಅಂದ್ರೆ ದೇವರಾಣೆ ಹಾಕಲ್ಲ."

ಮನೆಗೆ ಬಂದು ಹೇಳಿದರೆ ತೆತಾ ಮರಗೆಣಸಿನ ಸೊಪ್ಪು ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಯಾಕೆ ಕೆದಕ್ತೀಯ? ನಕ್ಕೋರ ಹಲ್ಲು ಉದುರಿಹೋಗೋ ವಯಸ್ಸಾಯ್ತು. ನಿಜಕ್ಕೂ ಲಿವರ್‌ಪೂಲೇ ಸಿಕ್ಕಿದ್ರೆ ಏನು ಮಾಡ್ತೀಯ?"

"ಸಿಕ್ಕಿದ್ರೆ ಅದನ್ನೂ ಬಂದು ಹೇಳ್ತೀನಿ."

"ನಂಗೆ ಹೇಳ್ಬೇಡ." ಒನಕೆ ಒಂದು ಸಲ ಜೋರಾಗಿ ಬಿತ್ತು. ಅಮ್ಮ ಇಷ್ಟು ವರ್ಷ ಹೆದರಿಕೊಂಡು ಬದುಕಿದ್ದಾಳೆ ಅನ್ನುವುದು ಜುವಾಗೆ ಆವತ್ತು ಮೊದಲ ಸಲ ಹೊಳೆಯಿತು. ಆದರೂ ಮರುದಿನ ಡ್ಯೂಟಿ ಮುಗಿಸಿ ನೇರ ಬಂದರಿಗೆ ಹೋದಳು.

ಬಂದರಿನ ಹಿಂದಿನ ಗೋದಾಮಿನಲ್ಲಿ ಹಳೆಯ ಕಾಲದ ಹಡಗಾಳುಗಳ ದಾಖಲೆ ಪುಸ್ತಕಗಳು ಮಾಡಿನವರೆಗೆ ಪೇರಿಸಿ ಬಿದ್ದಿದ್ದವು. ಗುಮಾಸ್ತ ಮೆಕಾಲಿ ಕೀಲಿ ಕೊಟ್ಟು, "ಗೆದ್ದಲು ಓದಿ ಬಿಟ್ಟಿದ್ದನ್ನ ನೀವು ಓದಿ ಸಿಸ್ಟರ್" ಎಂದು ಕುರ್ಚಿ ಸರಿಸಿದ. ಆಗ ನಮ್ಮವರ ಹೆಸರು ಬಿಳಿಯ ದೊರೆಗಳ ನಾಲಗೆಯ ಮೇಲೆ ಹೊರಳುತ್ತಿರಲಿಲ್ಲ. ಮೇಜಿನ ಮೇಲೆ ಕಂಡದ್ದನ್ನೋ ಬಾಯಿಗೆ ಬಂದದ್ದನ್ನೋ ಹೆಸರು ಮಾಡಿ ಬರೆದುಕೊಳ್ಳುತ್ತಿದ್ದರು. ಜುವಾ ಪುಟ ಮಗುಚಿದಂತೆಲ್ಲ ಸಾಸಿವೆ, ಬೆಣ್ಣೆ ಚಾಕು, ಶನಿವಾರ ಅಂತೆಲ್ಲ ಗಂಡಸರು ಸಾಲಾಗಿ ಬಂದರು. ಅವಳು ಹುಡುಕುತ್ತಿದ್ದದ್ದು ಜ್ಯಾಕ್ ಟೀಪಾಟ್‌ನನ್ನು. ಅದು ವೆಸೆ ನಿಮ್ಲಿಗೆ ಹಡಗಿನಲ್ಲಿ ಇಟ್ಟಿದ್ದ ಹೆಸರು.

ದಿನಕ್ಕೆ ಮೂರು ಗಂಟೆ, ಬೆವರು, ಧೂಳು, ಸೀನು. ಒಂಬತ್ತನೆಯ ದಿನ ಟೀಪಾಟ್ ಸಿಕ್ಕಿದ. ೧೯೪೨ರ ಫೆಬ್ರುವರಿ. ಹೆಸರಿನ ಪಕ್ಕದಲ್ಲಿ ಕೆಂಪು ಶಾಯಿ: ಆಳೊಬ್ಬನನ್ನು ಒದ್ದ ಮೇಸ್ತ್ರಿಯ ಮೇಲೆ ಕೈ ಮಾಡಿದ್ದಾನೆ, ಮುಂದೆ ಯಾವ ಹಡಗಿಗೂ ತೆಗೆದುಕೊಳ್ಳಕೂಡದು. ಆಮೇಲಿನ ಪುಟಗಳಲ್ಲಿ ಅವನಿಲ್ಲ.

ಅಪ್ಪನ ಬಗ್ಗೆ ಜುವಾಗೆ ಗೊತ್ತಾದ ಮೊದಲ ಸಂಗತಿ ಅದು. ಇನ್ನೊಬ್ಬನಿಗೆ ಬಿದ್ದ ಒದೆಗೆ ಇವನು ಕೈ ಎತ್ತಿದ್ದ. ಅವಳಿಗೆ ಹೆಮ್ಮೆಯಾಯಿತು, ಬೆನ್ನಿಗೇ ಅಳುವೂ ಬಂತು. ದಾರಿ ಇಲ್ಲಿಗೇ ಮುಗಿದಿತ್ತು. ಕಂಪನಿ ಹೇಳಿದ್ದು ಸುಳ್ಳಲ್ಲ, ಫೆಬ್ರುವರಿಯ ನಂತರ ಅವನು ಯಾವ ಹಡಗನ್ನೂ ಹತ್ತಿರಲಿಲ್ಲ. ಪುಸ್ತಕ ಮುಚ್ಚಿದಳು.

"ಸಿಕ್ಕಿಲ್ವಾ ಸಿಸ್ಟರ್?" ಮೆಕಾಲಿ ಬಾಗಿಲಲ್ಲಿ ನಿಂತು ಕೇಳಿದ.

"ಇವನನ್ನ ಹಡಗು ಹತ್ತಿಸ್ಕೋಬೇಡಿ ಅಂತ ಬರೆದಿದೆ. ಹಡಗು ಹತ್ತದೋನು ಲಿವರ್‌ಪೂಲಿಗೆ ಹೇಗೆ ಹೋದ ಮೆಕಾಲಿ? ಈಜಿಕೊಂಡಾ?"

ಕೇಳಿದ ಮೇಲೆ ತನ್ನ ಪ್ರಶ್ನೆಗೆ ತಾನೇ ಬೆಚ್ಚಿದಳು. ಕ್ರೂ ಟೌನಿನಲ್ಲಿ ಹುಟ್ಟಿದ ಕೂಸಿಗೂ ಉತ್ತರ ಗೊತ್ತು. ಪ್ರತಿಯೊಬ್ಬ ನಾವಿಕನಿಗೂ ಕೆಲಸದ ಬುಕ್ಕು ಇರುತ್ತಿತ್ತು, ಬುಕ್ಕಿಲ್ಲದವನಿಗೆ ಹಡಗಿಲ್ಲ. ಅಣ್ಣನಿಗೆ ಜ್ವರ ಬಂದರೆ ಅಣ್ಣನ ಬುಕ್ಕಿನಲ್ಲಿ ತಮ್ಮ ಹೋಗುತ್ತಿದ್ದ, ತಮ್ಮನಿಲ್ಲದಿದ್ದರೆ ಪಕ್ಕದ ಮನೆಯವನು. ಹಡಗಿಗೆ ಹೋಗುವ ಆಳುಗಳ ಗುಂಪು ಭರ್ತಿಯಾದರೆ ಸಾಕು, ಗುಂಪಿನ ಯಜಮಾನ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬುಕ್ಕಿನಲ್ಲಿ ಫೋಟೋ ಇರುತ್ತಿತ್ತು ನಿಜ, ಆದರೆ ದೊರೆಗೆ ನಮ್ಮ ಮುಖಗಳೆಲ್ಲ ಒಂದೇ ಅಚ್ಚು. ಹೆಸರುಗಳು ಹೀಗೆ ಕೈಯಿಂದ ಕೈಗೆ ದಾಟುತ್ತಿದ್ದ ಕಡೆ ತಾನು ಒಂಬತ್ತು ದಿನ ಹೆಸರು ಹುಡುಕುತ್ತ ಕೂತಿದ್ದೆನಲ್ಲ ಎಂದು ಜುವಾ ತನ್ನನ್ನೇ ಬೈದುಕೊಂಡಳು. ಕಣ್ಣೊರೆಸಿಕೊಂಡು ಆ ಆಗಸ್ಟಿನ ಪುಸ್ತಕ ಎಳೆದಳು.

ಈ ಸಲ ಹೆಸರಿನ ಕಡೆ ನೋಡಲೇ ಇಲ್ಲ. ಅವಳು ಓದಿದ್ದು ಪುಟದ ಕೊನೆಯ ಕಲಂ. ಸತ್ತರೆ ಯಾರಿಗೆ ತಿಳಿಸಬೇಕು ಅನ್ನುವ ಕಲಂ. ಒಂದು ಹಡಗು, ಎರಡು ಹಡಗು, ಆರು. ಹನ್ನೊಂದನೆಯ ದಿನ 'ಮೆರಿವೇಲ್' ಬಂತು. ಸೆಪ್ಟೆಂಬರಿನಲ್ಲಿ ಟಾರ್ಪಿಡೊ ಬಿದ್ದು ಮುಳುಗಿದ ಹಡಗು. ಹನ್ನೆರಡು ಕ್ರೂ ಆಳುಗಳು, ಒಬ್ಬನೂ ಉಳಿಯಲಿಲ್ಲ. ಹನ್ನೆರಡನೆಯ ಸಾಲಿನ ಕೊನೆಯಲ್ಲಿ ಹೀಗಿತ್ತು: ಹೆಂಡತಿ ತೆತಾ, ಸೆತ್ರಾ ಕ್ರೂ ಊರಿನವಳು, ಬಸುರಿ.

ಬೆರಳಿಟ್ಟು ಸಾಲಿನ ಆಚೆ ತುದಿಗೆ ಬಂದಳು. ಹೆಸರು ಟಾಮ್ ಬಿಸ್ಕೆಟ್.

ಟಾಮ್ ಬಿಸ್ಕೆಟ್ ಯಾರೆಂದು ಯಾರಿಗೆ ಗೊತ್ತಿಲ್ಲ? ಅಧ್ಯಕ್ಷ ಟಾರ್ಪೆಯ ತಂದೆ. ಕಂಪನಿಯ ಪಟ್ಟಿಯಲ್ಲಿ ಸತ್ತವನು, ಕೇರಿಯಲ್ಲಿ ೧೯೭೧ರವರೆಗೆ ಬದುಕಿದ್ದವನು. ಜ್ವರ ಬಂದು ಹಡಗು ತಪ್ಪಿಸಿಕೊಂಡ, ಕಂಪನಿಯ ಗುಮಾಸ್ತ ಹೆಸರು ಹೊಡೆದುಹಾಕಲು ಮರೆತ ಅಂತ ಕತೆ. "ನಮ್ಮ ಬಿಸ್ಕೆಟ್ ಮಾತ್ರ ನೀರಿಗೆ ಬಿದ್ದರೂ ನೆನೆಯಲಿಲ್ಲ" ಎಂದು ಮುದುಕರು ಈಗಲೂ ತಮಾಷೆ ಮಾಡುತ್ತಾರೆ. ಅದಕ್ಕೇ ಮೆರಿವೇಲ್‌ನಿಂದ ಕಲ್ಲಿಗೆ ಹನ್ನೊಂದೇ ಹೆಸರು. ಸತ್ತ ಕ್ರೂ ಆಳುಗಳು ಹನ್ನೆರಡು ಜನ ಅಂತ ಬದುಕುಳಿದ ಬಿಳಿಯ ಕ್ಯಾಪ್ಟನ್ ಹೇಳಿದ್ದನ್ನು ಯಾರೂ ಎಣಿಸಿ ನೋಡಿರಲಿಲ್ಲ. ತನ್ನ ಹೆಸರನ್ನು ದಡದಲ್ಲೇ ಬಿಟ್ಟು ಹೋದ ವೆಸೆ ನಿಮ್ಲಿ, ಹೆಂಡತಿ ಯಾರೆಂದು ಕೇಳಿದಾಗ ಮಾತ್ರ ಸುಳ್ಳು ಹೇಳಲಾರದೆ ಹೋಗಿದ್ದ. ಬಸುರಿ ಅಂತಲೂ ಹೇಳಿದ್ದ. ಜುವಾ ಆ ಒಂದು ಪದವನ್ನು ಎಷ್ಟು ಸಲ ಓದಿದಳೋ, ಮೆಕಾಲಿ ನೀರು ತಂದು ಕೊಟ್ಟದ್ದು ಗೊತ್ತಾಗಲಿಲ್ಲ. ಆಮೇಲೆ ಆ ಪುಟವನ್ನು ಅವನ ಕೈಲೇ ನಕಲು ಮಾಡಿಸಿ, ಮೊಹರು ಹಾಕಿಸಿಕೊಂಡು ಎದ್ದಳು.

ಟಾರ್ಪೆ ಮನೆಯ ಜಗಲಿಯಲ್ಲಿ ಕೂತು ಊಟ ಮಾಡುತ್ತಿದ್ದ. ನಕಲನ್ನು ಎರಡು ಸಲ ಓದಿದ.

"ಅಂದ್ರೆ ನಮ್ಮಪ್ಪ ಕಳ್ಳ ಅಂತೀಯಾ?"

"ನಿಮ್ಮಪ್ಪನ ಹೆಸರಲ್ಲಿ ನಮ್ಮಪ್ಪ ಸತ್ತ ಅಂತೀನಿ."

"ಗುಮಾಸ್ತ ತಪ್ಪು ಬರೆದಿರಬಹುದು. ತೆತಾ ಅನ್ನೋ ಹೆಸರಿನೋಳು ಊರಲ್ಲಿ ಒಬ್ಬಳೇನಾ?"

"ನಿಮ್ಮಪ್ಪನಿಗೆ ಸೆತ್ರಾ ಕ್ರೂನಲ್ಲಿ ತೆತಾ ಅಂತ ಇನ್ನೊಬ್ಬಳು ಬಸುರಿ ಹೆಂಡತಿ ಇದ್ಳಾ? ಇದ್ರೆ ಹೇಳಿಬಿಡಿ ಅಣ್ಣ, ಈಗಲೇ ಎದ್ದು ಹೋಗ್ತೀನಿ."

ಟಾರ್ಪೆ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದ. "ಜುವಾ, ಅಪ್ಪ ಸತ್ತು ಹದಿಮೂರು ವರ್ಷ. ಅವರ ಹೆಸರಿಗೆ ಮಸಿ ಬಳೀಬೇಡ. ಬೇಕಾದ್ರೆ ಕಲ್ಲಿನಲ್ಲಿ ಇನ್ನೊಬ್ಬ ನಾವಿಕ ಅಂತ ಹಾಕಿಸೋಣ."

"ಇನ್ನೊಬ್ಬ ಅಂತ ಯಾರೂ ಮುಳುಗಲಿಲ್ಲ. ವೆಸೆ ನಿಮ್ಲಿ ಅಂತ ಮುಳುಗಿದ್ದು. ನೀವು ಹಾಕಿಸ್ದೇ ಇದ್ರೆ ಒಂದನೇ ತಾರೀಕು ಈ ಕಾಗದ ಹಿಡ್ಕೊಂಡು ಕಲ್ಲಿನ ಮುಂದೆ ಕೂರ್ತೀನಿ. ಬಂದೋರಿಗೆಲ್ಲ ಓದಿ ಹೇಳ್ತೀನಿ. ನನ್ನ ಡ್ಯೂಟಿಗೆ ರಜಾ ಹಾಕಿದ್ದಾಗಿದೆ."

ಒಳಗಿನಿಂದ ಕೋಲು ಊರುವ ಸದ್ದು ಬಂತು. ಟಾರ್ಪೆಯ ತಾಯಿ ಮಾರ್ತಾ ಬಾಗಿಲಿಗೆ ಬಂದು ನಿಂತಳು. ಮಗನ ಕಡೆ ನೋಡಲಿಲ್ಲ.

"ಸಾಕು ಮಾಡು. ಅವಳು ಹೇಳೋದು ನಿಜ."

"ಅಮ್ಮಾ!"

"ಅವತ್ತು ಬೆಳಿಗ್ಗೆ ನಿಮ್ಮಪ್ಪನಿಗೆ ಜ್ವರ, ಚಾಪೆ ಬಿಟ್ಟು ಏಳೋಕಾಗ್ತಿರಲಿಲ್ಲ. ವೆಸೆ ಬಂದು ಕೇಳ್ದ. ಕೆಲಸ ಇಲ್ದೆ ಆರು ತಿಂಗಳು, ಹೆಂಡತಿ ಬಸುರಿ, ಬುಕ್ಕು ಕೊಡಣ್ಣ ಅಂದ. ತೆಗೆದುಕೊಟ್ಟಿದ್ದು ಈ ಕೈ." ಮುದುಕಿ ಕೈಯನ್ನು ಎತ್ತಿ ತೋರಿಸಿದಳು. "ಆಮೇಲೆ ಟಾಮ್ ಬಿಸ್ಕೆಟ್ ಸತ್ತ ಅಂತ ಕಂಪನಿ ಕಾಗದ ಈ ಮನೆಗೇ ಬಂತು. ನಿಮ್ಮಪ್ಪ ಗಂಜಿ ಕುಡೀತಾ ತನ್ನ ಸಾವಿನ ಕಾಗದ ಓದಿದ. ಗೊತ್ತಾದ್ರೆ ಜೈಲು, ಕೇರಿಯೋರಿಗೆಲ್ಲ ಕೆಲಸ ಇಲ್ಲ ಅಂತ ಹೆದರಿ ಬಾಯಿ ಮುಚ್ಕೊಂಡ್ವಿ. ಯುದ್ಧ ಮುಗೀಲಿ, ಹೇಳೋಣ ಅಂದ. ಯುದ್ಧ ಮುಗೀತು. ಅಷ್ಟೊತ್ತಿಗೆ ಊರು ಲಿವರ್‌ಪೂಲ್ ಅಂತ ನಗೋಕೆ ಶುರು ಮಾಡಿಯಾಗಿತ್ತು. ಆಮೇಲೆ ಹೇಳೋಕೆ ಮುಖ ಎಲ್ಲಿತ್ತು? ಮೂವತ್ತನೇ ವಯಸ್ಸಿಗೇ ಸಮುದ್ರ ಬಿಟ್ಟು ಬಲೆ ಹೆಣೀತಾ ಕೂತ. ಮೊಣಕಾಲು ನೋವು ಅಂತ ಎಲ್ಲರಿಗೂ ಹೇಳ್ದ. ಮೊಣಕಾಲಿಗೆ ಏನೂ ಆಗಿರ್ಲಿಲ್ಲ."

ಟಾರ್ಪೆ ತಟ್ಟೆಯಲ್ಲೇ ಕೈ ತೊಳೆದ. ಆಮೇಲೆ ಎದ್ದು ಅಂಗಿ ಹಾಕಿಕೊಂಡ.

"ಎಲ್ಲಿಗೆ?" ಅಂದಳು ತಾಯಿ.

"ಸಂಘಕ್ಕೆ. ಕಾಗದ ತಂದ್ರೆ ಹಾಕಿಸ್ತೀನಿ ಅಂದಿದ್ದೆ, ತಂದಿದ್ದಾಳೆ. ಹೇಳ್ಬೇಕಾದ್ದು ನನ್ನ ಬಾಯಲ್ಲೇ ಹೇಳ್ತೀನಿ."

ಸಂಜೆಯೊಳಗೆ ಹನ್ನೆರಡನೆಯ ಹೆಸರು ಕಲ್ಲುಕುಟಿಗನ ಚೀಟಿಗೆ ಸೇರಿತು. ಇತ್ತ ಮಾರ್ತಾ, ತನಗೆ ಇನ್ನೊಂದು ಮನೆಗೆ ಹೋಗುವುದಿದೆ ಅಂದಳು. ಜುವಾ ಬೇಡ ಎನ್ನಲಿಲ್ಲ, ಅವಳ ತೋಳು ಹಿಡಿದು ನಡೆಸಿಕೊಂಡು ಬಂದಳು. ದಾರಿಯುದ್ದಕ್ಕೂ ಜುವಾಗೆ ಈ ಮುದುಕಿಯನ್ನು ದೂಡಿಬಿಡಬೇಕು ಅನ್ನಿಸುತ್ತಿತ್ತು, ಎಡವಿದಾಗ ಗಟ್ಟಿಯಾಗಿ ಹಿಡಿದುಕೊಳ್ಳುತ್ತಲೂ ಇದ್ದಳು.

ತೆತಾ ಅಂಗಳದಲ್ಲಿ ಹೊಗೆ ಮೀನು ಬಿಡಿಸುತ್ತಿದ್ದಳು. ಮಾರ್ತಾ ನಿಂತುಕೊಂಡೇ ಎಲ್ಲ ಹೇಳಿದಳು. ಬುಕ್ಕು, ಜ್ವರ, ಕಾಗದ. ಏನನ್ನೂ ಬಿಡಲಿಲ್ಲ. ತೆತಾ ಮುಳ್ಳು ತೆಗೆಯುತ್ತಲೇ ಕೇಳಿದಳು.

"ಮುಳುಗಿದ್ದು ಯಾವ ತಾರೀಕು?"

"ಸೆಪ್ಟೆಂಬರ್ ಏಳು" ಅಂದಳು ಜುವಾ. "ಕಾಗದದಲ್ಲಿ ನಿನ್ನ ಹೆಸರು ಹೇಳಿದಾನಮ್ಮ. ನಾನು ಹೊಟ್ಟೇಲಿರೋದನ್ನೂ ಹೇಳಿದಾನೆ."

ತೆತಾಳ ಕೈ ನಿಂತಿತು. ನಲವತ್ತೆರಡು ವರ್ಷ ತಡೆದುಕೊಂಡವಳು, ಅಳಬಹುದೆಂದು ಜುವಾ ಹತ್ತಿರ ಹೋದಳು. ತೆತಾ ಅಳಲಿಲ್ಲ. ಮೀನಿನ ಕೈ ತೊಳೆದುಕೊಂಡು ಮಾರ್ತಾಳನ್ನು ದಿಟ್ಟಿಸಿದಳು.

"ನಲ್ಲಿ ಹತ್ರ ನನ್ನ ಪಕ್ಕ ಕೂತು ಬಟ್ಟೆ ಒಗೀತಿದ್ದೆ. ನನ್ನ ಸೋಪು ಇಸ್ಕೋತಿದ್ದೆ."

"ಹೌದು."

"ಅವರು ನಗೋವಾಗ ನೀನು ನಗ್ತಿರಲಿಲ್ಲ. ಇವಳೊಬ್ಬಳು ಒಳ್ಳೆಯವಳು ಅಂದ್ಕೊಂಡಿದ್ದೆ."

ತೆತಾ ಮಗಳ ಕಡೆ ತಿರುಗಿದಳು. "ಅಂಗಡಿ ಮುಚ್ಚೋದ್ರೊಳಗೆ ಹೋಗು. ಕರಿ ಬಟ್ಟೆ ತಗೊಂಡು ಬಾ, ತಲೆಗೂ ಸೇರಿಸಿ. ಗಂಡ ಸತ್ತೋಳು ಒಂದು ವರ್ಷ ಉಡಬೇಕು. ನಾನೂ ಉಡ್ತೀನಿ."

"ಈ ವಯಸ್ಸಲ್ಲಾ ಅಮ್ಮಾ? ಒಂದು ತಿಂಗಳು ಸಾಕು, ಯಾರೂ ಏನೂ ಅನ್ನಲ್ಲ."

"ಪೂರ್ತಿ ವರ್ಷ. ದಿನಾ ನಲ್ಲಿಗೂ ಉಟ್ಕೊಂಡೇ ಹೋಗ್ತೀನಿ. ಅಷ್ಟು ದಿನ ನಾನು ಸಾಯೋದೂ ಇಲ್ಲ, ನೀನು ಹೆದರ್ಬೇಡ."

"ತೆತಾ" ಅಂದಳು ಮಾರ್ತಾ. "ನಾನೂ ನಿನ್ನ ಜೊತೆ ಉಡ್ಲಾ? ನಿನ್ನ ಪಕ್ಕ ಕೂರ್ತೀನಿ."

"ನಿನ್ನ ಗಂಡನ್ನ ನೀನು ಮೂವತ್ತು ವರ್ಷ ಹೆಚ್ಚಿಗೆ ಇಟ್ಕೊಂಡೆ ಮಾರ್ತಾ" ಅಂದಳು ತೆತಾ. "ಇವನು ನನ್ನವನು. ಇವನಿಗೆ ನಾನೊಬ್ಬಳೇ ಅಳ್ತೀನಿ."