ರಬ್ಬರ್ ಪಟ್ಟಿಯ ಬಾಗಿಲು

ಬಾಣಂತಿಯರನ್ನು ಮೀಯಿಸುವ ಕೆಲಸದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ, ಹೇಳಿದರೆ ಕೇಳುವವಳೂ ನಾನಲ್ಲ. ಗಂಡ ಮೀನಿನ ಬೋಟಿಗೆ ಹೋದರೆ ನಾನು ಮನೆಮನೆಗೆ. ಮೂವತ್ತು ವರ್ಷಗಳಲ್ಲಿ ನಾನು ಎಣ್ಣೆ ಹಚ್ಚಿ ಮೀಯಿಸಿದ ಮಕ್ಕಳು ಈಗ ಮೀಸೆ ತಿರುವುತ್ತಿದ್ದಾರೆ. ಎಂಬತ್ತಮೂರನೆಯ ಇಸವಿಯಲ್ಲಿ ಉಮಾವತಿ ಶೆಡ್ತಿಯವರು ಮಗಳು ಶಶಿಪ್ರಭಾಳ ಬಾಣಂತನಕ್ಕೆ ನನ್ನನ್ನೇ ಕರೆಸಿದರು.

ಮನೆ ನೋಡಿ ನನಗೆ ನಗು ಬಂತು. ಅವರ ಮಗ ಲೋಕನಾಥ ಬಹರೈನಿನಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಯಾವುದೋ ಸಾಹೇಬರ ಮನೆಯ ನಕ್ಷೆ ತಂದು ನಮ್ಮೂರು ಉರ್ವದಲ್ಲಿ ಹಾಗೆಯೇ ಕಟ್ಟಿಸಿದ್ದ. ಹಂಚಿಲ್ಲ, ತಲೆಯ ಮೇಲೆಲ್ಲ ಸಿಮೆಂಟು. ಕಿಟಕಿಗೆ ತೆರೆಯಲು ಬಾರದ ದೊಡ್ಡ ಗಾಜು. ಬಾಗಿಲಿನ ಸುತ್ತ ಕಪ್ಪು ರಬ್ಬರ್ ಪಟ್ಟಿ. ಅಲ್ಲಿ ಮರಳುಗಾಳಿ ಬೀಸುತ್ತದಂತೆ, ಇಲ್ಲಿ ಯಾವ ಮರಳು? ಚಿಲಕದ ಬದಲು ಚೆಂಡಿನಂಥ ಉರುಟು ಹಿಡಿ, ಅದರ ನಡುವಿನ ಗುಂಡಿ ಒತ್ತಿದರೆ ಬೀಗ. ಎ.ಸಿ. ಇನ್ನೂ ಬಂದಿರಲಿಲ್ಲ, ಅದರ ತೂತಿಗೆ ಹಲಗೆ ಬಡಿದಿದ್ದರು. ಹಲಗೆಯ ಸಂದಿಗೆ ಹಳೆ ಬಟ್ಟೆ ತುರುಕಿದವಳು ನಾನು. ಶೀತ ನುಗ್ಗಲು ದಾರಿಯೇ ಇಲ್ಲದ ಕೋಣೆ, ಬಾಣಂತಿಗೆ ಇದಕ್ಕಿಂತ ಒಳ್ಳೆಯದು ಬೇಕೇ ಎಂದುಕೊಂಡೆ.

ಮಿಂದು ಬಂದ ಶಶಿಯನ್ನು ಮಂಚದಲ್ಲಿ ಮಲಗಿಸಿ, ಮಂಚದಡಿ ಮಣ್ಣಿನ ಚಟ್ಟಿಯಲ್ಲಿ ತೆಂಗಿನ ಗೆರಟೆಯ ಕೆಂಡ ಇಟ್ಟೆ. ಹೊಗೆಯಿಲ್ಲದ ಕೆಂಡ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಎರಡನೆಯ ದಿನ ಅವಳೆಂದಳು: "ಸುಂದರಕ್ಕ, ತಲೆ ಸಿಡಿಯುತ್ತದೆ. ಬಾಗಿಲು ಸ್ವಲ್ಪ ತೆಗೆಯಿರಿ."

"ಎಂತ ಮಾರಾಯ್ತಿ, ಗಾಳಿ ಹೊಕ್ಕರೆ ಮುದುಕಿಯಾಗುವವರೆಗೆ ಸೊಂಟನೋವು ಉಂಟು ನಿನಗೆ. ಸುಮ್ಮನೆ ಮಲಗು."

ನಾಲ್ಕನೆಯ ದಿನ ವಾಂತಿಯಾಯಿತು. ಮಗು ಹಾಲಿಗೂ ಏಳದೆ ನಿದ್ದೆ ಹೊಡೆಯಿತು. ಶಶಿಯ ಕೆನ್ನೆ ಮಾತ್ರ ಕೆಂಪೇರಿತ್ತು. "ಎಷ್ಟು ಬಣ್ಣ ಬಂತು ನೋಡು" ಎಂದು ನೋಡಲು ಬಂದವರೆಲ್ಲ ಹೊಗಳಿದರು. ನನಗೆ ಸಿಟ್ಟು ಬಂತು.

"ಇದು ದೃಷ್ಟಿಯೇ ಅಕ್ಕಾ," ಎಂದೆ ಉಮಾವತಿಯವರಿಗೆ. "ನಾಳೆಯಿಂದ ಯಾರನ್ನೂ ಒಳಗೆ ಬಿಡುವುದು ಬೇಡ."

"ನೀನು ಹೇಳಿದ ಹಾಗೆ ಮಾಡು," ಎಂದರು ಅವರು.

ಐದನೆಯ ದಿನ ಬೆಳಿಗ್ಗೆ ಎರಡು ಚಟ್ಟಿ ಕೆಂಡ ಇಟ್ಟೆ. ದೃಷ್ಟಿ ಹೋಗಲೆಂದು ಒಂದರ ಮೇಲೆ ಮೆಣಸು, ಉಪ್ಪು ಹಾಕಿದೆ. ಮಗುವಿನ ತೊಟ್ಟಿಲನ್ನು ಕಾವು ಜಾಸ್ತಿಯಾಗದಿರಲೆಂದು ದೂರಕ್ಕೆ, ಬಾಗಿಲ ಬಳಿಗೆ ಸರಿಸಿದೆ. ಹೊರಬರುವಾಗ ಶಶಿಗೆ ಹೇಳಿದೆ: "ಎದ್ದು ಗುಂಡಿ ಒತ್ತಿಬಿಡು. ಯಾರು ತಟ್ಟಿದರೂ ತೆಗೆಯಬೇಡ." ಅವಳು ಗೋಡೆ ಹಿಡಿದುಕೊಂಡು ಬಂದು ಒತ್ತಿದಳು.

ಹಿತ್ತಿಲಿನ ಹಂಚಿನ ಬಚ್ಚಲಲ್ಲಿ ಬಟ್ಟೆ ಒಗೆಯಲು ಕೂತೆ. ನನ್ನ ತಲೆಯೂ ಸಿಡಿಯುತ್ತಿತ್ತು. ಗಾಳಿಗೆ ಕೂತು ಒಂದು ಗಂಟೆಯಾಗುವಾಗ ಇಳಿಯಿತು. ಒಲೆಯ ಹೊಗೆ ಹಂಚಿನ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಅದನ್ನು ನೋಡುತ್ತಾ ಕೂತವಳು ತಿರುಗಿ ಆ ಸಿಮೆಂಟು ಮನೆಯನ್ನು ನೋಡಿದೆ. ಅದರಲ್ಲಿ ಸಂದಿ ಎಲ್ಲಿತ್ತು? ಹೊಗೆ ಕಾಣದಿದ್ದರೂ ಕೆಂಡಕ್ಕೂ ಉಸಿರಿದೆಯಲ್ಲ, ಅದು ಎಲ್ಲಿಗೆ ಹೋಗಬೇಕು? ಬಟ್ಟೆ ಅಲ್ಲೇ ಬಿಟ್ಟು ಒಳಗೆ ಓಡಿದೆ.

ಬಾಗಿಲು ಬಡಿದೆ, ಕಿರುಚಿದೆ. ಒಳಗಿನಿಂದ ಸದ್ದಿಲ್ಲ.

"ಕೀ ಎಲ್ಲುಂಟು?"

"ಲೋಕನ ಹತ್ತಿರವೇ," ಎಂದರು ಓಡಿಬಂದ ಉಮಾವತಿಯವರು. "ಬಹರೈನಿನಲ್ಲಿ."

ಹಿಟ್ಟು ಕಡೆಯುವ ಕಲ್ಲಿನ ಗುಂಡನ್ನೆತ್ತಿ ಕಿಟಕಿಗೆ ಎಸೆದೆ. ಮೂರನೆಯ ಏಟಿಗೆ ಗಾಜು ಒಡೆಯಿತು. ಸೀರೆ ಹರಿದುಕೊಂಡು ಒಳನುಗ್ಗಿ ಬಾಗಿಲು ತೆಗೆದೆ. ಗಾಳಿಗೆ ತಂದ ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಶಶಿ ಏಳಲಿಲ್ಲ. ಕೆನ್ನೆ ಇನ್ನೂ ಕೆಂಪಾಗಿಯೇ ಇತ್ತು.

ಹೃದಯ ನಿಂತಿತು ಎಂದರು ಡಾಕ್ಟರು. ದೃಷ್ಟಿ ಎಂದರು ಊರವರು. ಸಾವಿನ ವಿಧಿಗಳೆಲ್ಲ ಮುಗಿದ ದಿನ ಉಮಾವತಿಯವರು ಹೊಸ ಸೀರೆಯೊಂದನ್ನು ನನ್ನ ಮಡಿಲಿಗೆ ಹಾಕಿ, ಎರಡೂ ಕೈ ಹಿಡಿದುಕೊಂಡರು.

"ಮಗುವನ್ನಾದರೂ ಉಳಿಸಿಕೊಟ್ಟೆಯಲ್ಲ ಸುಂದರಿ. ಇನ್ನು ಇದನ್ನು ನೀನೇ ಮೀಯಿಸಬೇಕು."

ಅವಳನ್ನು ಕೊಂದದ್ದು ದೃಷ್ಟಿಯಲ್ಲ, ಕೆಂಡದ ಉಸಿರು, ಚಟ್ಟಿ ಇಟ್ಟವಳು, ಗುಂಡಿ ಒತ್ತಿಸಿದವಳು ನಾನು ಎಂದು ಆಗ ಹೇಳಬೇಕಿತ್ತು. ಹೆದರಿಕೆಯಾಯಿತು, ಹೇಳಲಿಲ್ಲ. ಸೀರೆಯನ್ನು ಕಣ್ಣಿಗೊತ್ತಿಕೊಂಡೆ. ಆಮೇಲೆ ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿದೆ.