ಅಕ್ಕನ ದನಿಗೆ ನಾಲ್ಕು ಕೋರ್

ಫ್ಯಾನು ಗುಂಯ್ ಅನ್ನುತ್ತಿದೆ, ಕೆಲಸ ಮಾತ್ರ ಕುಂಟುತ್ತಿದೆ, ಹೊಸ ಕಂಪ್ಯೂಟರ್ ಪೆಟ್ಟಿಗೆಯೊಳಗೆ ನಾಲ್ಕು ಕೋರ್, ಅಂದರೆ ನಾಲ್ಕು ಮಿದುಳು, ಇದೆ ಮೇಡಂ ಅಂತ ಅಂಗಡಿಯವನು ಎದೆ ತಟ್ಟಿಕೊಂಡು ಹೇಳಿದ್ದ, ಒಂದೊಂದೂ ಬಡಕಲು, ನಾಲ್ಕೂ ಸೇರಿದರೆ ತಾನೇ ಬಂಡಿ ಸಾಗುವುದು, ಪರದೆಯಲ್ಲಿ ನೋಡಿದರೆ ಕೋರಿಗೊಂದರಂತೆ ಇರಬೇಕಾದಲ್ಲಿ ಒಂದೇ ಒಂದು ಗ್ರಾಫು ನೆತ್ತಿಗೇರಿ ಏದುಸಿರು ಬಿಡುತ್ತಿದೆ, ಉಳಿದ ಮೂರು ಎಲ್ಲಿ ಹಾಳಾಗಿ ಹೋದವೋ — ತಂಗಿಗೆ ನಗು ಬಂತು, ಜೊತೆಗೆ ನಗಲು ಯಾರೂ ಇರಲಿಲ್ಲ. ಅಕ್ಕ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಗಂಟಲಿನ ಆಪರೇಷನ್ ಆದಮೇಲೆ ಅಕ್ಕನ ಮಾತೆಲ್ಲ ಕಂಪ್ಯೂಟರಿನದೇ, ಅಕ್ಕ ಟೈಪ್ ಮಾಡುತ್ತಾಳೆ, ಅದು ಓದುತ್ತದೆ, ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಮೇಲಷ್ಟೇ ಓಡುವ ಹಳೆಯ ತಂತ್ರಾಂಶ, ಹಿಂದಿನ ಯಂತ್ರ ಕೈಕೊಟ್ಟಾಗ ಡಿಸ್ಕನ್ನು ಇದ್ದ ಹಾಗೆಯೇ ಇದಕ್ಕೆ ನಕಲು ಮಾಡಿದವಳು ಇವಳೇ, ಎಡವಿದ್ದು ಅಲ್ಲೇ, ಒಂದೇ ಕೋರಿನ ಯಂತ್ರದಲ್ಲಿ ಕಣ್ಣು ಬಿಟ್ಟ ಸಿಸ್ಟಮ್ಮು ಈಗಲೂ ತಾನು ಒಂಟಿ ಎಂದೇ ನಂಬಿ ಕೂತಿದೆ, ಪಾಪ. ದನಿ ತುಂಡುತುಂಡಾಯಿತು, ನೀ, ನೀರು, ಕೊ, ಕೊಡು, ಅಕ್ಕ ಟೈಪ್ ಮಾಡುವುದನ್ನೇ ಬಿಟ್ಟಳು. ಎಲ್ಲಾ ಅಳಿಸಿ ಹೊಸದು ಹಾಕೋಣ ಅಂದ ರಿಪೇರಿಯವನು, ಆ ದನಿ ಮತ್ತೆ ಸಿಗುತ್ತಾ, ಸಿಗಲ್ಲ ಮೇಡಂ, ಮಾಡಿದ ಕಂಪನಿಯೇ ಮುಚ್ಚಿದೆ. ಹಾಗಾದರೆ ಬೇಡ, ತಾನೇ ಸರಿ ಮಾಡಬೇಕು, ಡಿವೈಸ್‌ಗಳ ಪಟ್ಟಿಯಲ್ಲಿ ಕಂಪ್ಯೂಟರ್ ಎಂಬ ಸಾಲು, ಅದನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಬದಲಿಸಿ ಹಲವು ಕೋರಿನದನ್ನು ಆರಿಸಬೇಕು, ತಪ್ಪಿದರೆ ಯಂತ್ರ ಮತ್ತೆ ಏಳದೆಯೂ ಇರಬಹುದು, ಒತ್ತಿದಳು, ಕಪ್ಪು ಪರದೆ, ಇಷ್ಟು ದಿನ ಈ ಮನೆಯಲ್ಲಿ ತಾನೇ ಕೇಳಿ ತಾನೇ ಉತ್ತರ ಹೇಳಿಕೊಂಡದ್ದು, ಚಹಾ ಬೇಕಾ, ಬೇಕು ಅನ್ಸುತ್ತೆ, ಇನ್ನೊಂದು ದಿನ ಹೀಗೇ ಆದರೆ ಹುಚ್ಚು ಹಿಡಿಯುತ್ತದೆ — ಬೆಳಕು ಬಂತು, ನಾಲ್ಕು ಗ್ರಾಫು, ನಾಲ್ಕೂ ಕುಣಿಯುತ್ತಿವೆ.

ಅಕ್ಕ, ಬಾರೇ ಇಲ್ಲಿ, ಏನಾದ್ರೂ ಟೈಪ್ ಮಾಡು ನೋಡೋಣ. ಅಕ್ಕ ಬಂದಳು, ಕೂತಳು, ತುಂಬ ಹೊತ್ತು ಟೈಪ್ ಮಾಡಿದಳು, ದನಿ ಎಲ್ಲೂ ತಡವರಿಸಲಿಲ್ಲ, ಮಾತಾಡದೆ ಇದ್ದಿದ್ದು ಹಾಯಾಗಿತ್ತು ಕಣೇ, ಇದು ನನ್ನ ದನಿ ಅಲ್ಲ, ಮೊದಲಿಂದಲೂ ಅಲ್ಲ, ನಿನಗೆ ಬೇಜಾರಾಗಬಾರದು ಅಂತ ಟೈಪ್ ಮಾಡ್ತಿದ್ದೆ, ಇನ್ನು ಸಾಕು. ಎಷ್ಟು ಚೆನ್ನಾಗಿ ಓದಿತು, ಒಂದಕ್ಷರವೂ ಕಡಿಯಲಿಲ್ಲ, ಹೆಮ್ಮೆಪಡಬೇಕೋ ಅಳಬೇಕೋ ತಂಗಿಗೆ ತಿಳಿಯದು, ಅಕ್ಕನ ತೋರುಬೆರಳು ಕೀಲಿಮಣೆಯಿಂದ ಎದ್ದಿದೆ, ಸ್ಪೀಕರ್ ಬಂದ್ ಮಾಡುವ ಗುಂಡಿಯತ್ತ ಹೋಗುತ್ತಿದೆ, ಆ ಬೆರಳು, ಸಣ್ಣವಳಿದ್ದಾಗ ತಾನು ಹಿಡಿದು ನಡೆದ ಬೆರಳು, ಗುಂಡಿಯ ಮೇಲೆ ಬೆರಳು, ಬೆರಳು